ಎಲೆಯ ವಾಸನೆ ಬರುವ ಮುಂಚೆ

ಅಕ್ಟೋಬರ್ 6

ಅಕ್ಕನಿಗೆ,

ನೀನು ಕಳಿಸಿದ ಕಿತ್ತಳೆ ಹೂವಿನ ಸಿಹಿ ಮದ್ಯದ ಮಾದರಿ ಸೀಸೆ ನಿನ್ನೆ ಮಧ್ಯಾಹ್ನ ತಲುಪಿತು. ಹಳೆಯ ಸ್ವೆಟರಿನ ತೋಳಿನೊಳಗೆ ತೂರಿಸಿ, ಎರಡೂ ಕಡೆ ಹೊಲಿಗೆ ಹಾಕಿದ್ದೀಯ. ಬಿಚ್ಚುವುದಕ್ಕೆ ಹೋಟೆಲಿನ ಅಡುಗೆಮನೆಯಿಂದ ಕತ್ತರಿ ತರಬೇಕಾಯಿತು. ಬಾರಿನ ಕಟ್ಟೆಯ ಮೇಲಿಟ್ಟು, ಕೈ ತೊಳೆದುಕೊಂಡು, ಸಣ್ಣ ಗ್ಲಾಸಿಗೆ ಅರ್ಧ ಬೆರಳಿನಷ್ಟು ಸುರಿದುಕೊಂಡೆ. ವರ್ಷವಿಡೀ ನಾನು ಕಾಯುವುದು ಈ ಒಂದು ಗಳಿಗೆಗೆ. ಮುಚ್ಚಳ ತೆಗೆದರೆ ನಮ್ಮ ಹಿತ್ತಿಲಿನ ಮೂರೂ ಕಿತ್ತಳೆ ಮರಗಳು ಹೂಬಿಟ್ಟು ಎದುರಿಗೆ ಬಂದು ನಿಲ್ಲಬೇಕು.

ಈ ಸಲ ಬಂದಿದ್ದು ಜಜ್ಜಿದ ಎಲೆಯ ವಾಸನೆ. ಹೂವು ಅದರ ಹಿಂದೆಲ್ಲೋ ಇತ್ತು, ಇಲ್ಲವೆನ್ನಲಾರೆ. ಬಾಯಿಗೆ ಹಾಕಿಕೊಂಡರೆ ಸಿಹಿಯ ಬೆನ್ನಿಗೇ ಕಹಿ. ನೀರು ಕುಡಿದು ಇನ್ನೊಮ್ಮೆ ನೋಡಿದೆ. ಅದೇ ಕಹಿ.

ವರ್ಷದ ಕೊನೆಯ ದಿನ ಇಲ್ಲಿ ಇನ್ನೂರು ಜನರ ಔತಣ. ಮೊದಲು ಕೈಗೆ ಕೊಡುವ ಕಾಕ್‌ಟೇಲ್ ಈ ಸಲ ನನ್ನದು. ನಿನ್ನ ಹೂವಿನ ಲಿಕ್ಯೂರ್, ನಿಂಬೆರಸ, ಜಿನ್, ಮಂಜುಗಡ್ಡೆ ಹಾಕಿ ಕುಲುಕಿ, ಮೇಲೆ ನೊರೆಬರುವ ವೈನ್. ಹೆಸರು ‘ಮೊದಲ ಹೂ’. ಇದು ಗೆದ್ದರೆ ಬಾರಿನ ಮುಖ್ಯಸ್ಥನ ಜಾಗ ನನಗೆ, ಪ್ರತಿ ವರ್ಷ ಹೋಟೆಲಿಗೆ ನಿನ್ನ ಸೀಸೆಗಳೇ. ಸೋತರೆ ಮ್ಯಾನೇಜರ್ ಕಾರ್ಖಾನೆಯ ಸೀಸೆ ತರಿಸುತ್ತಾರೆ, ಮತ್ತೆ ನಿನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಮಾರ್ಚಿನಲ್ಲೇ ಬರೆದ ಹಾಗೆ ಹನ್ನೆರಡು ಸೀಸೆ ಬೇಕು. ಆದರೆ ಇದಲ್ಲ.

ಇನ್ನೊಂದು ವಿಷಯ. ಚೀಟಿಯ ಮೇಲಿನ ಅಕ್ಷರ ನಿನ್ನದಲ್ಲ. ಇರುವೆ ಸಾಲಿನ ಹಾಗೆ ಪುಟ್ಟ ಪುಟ್ಟ ಅಕ್ಷರ. ಯಾರದು? ಹೂವನ್ನು ವೋಡ್ಕಾದಲ್ಲಿ ಎಷ್ಟು ಗಂಟೆ ನೆನೆಸಿಟ್ಟೆ? ಮಾಡುವ ಕ್ರಮವನ್ನು ಮೊದಲಿಂದ ಕೊನೆಯವರೆಗೆ ಒಂದು ಹಾಳೆಯಲ್ಲಿ ಬರೆದು ಕಳಿಸು, ಸುಮ್ಮನೆ ನನ್ನ ನೆನಪಿಗೆ.

ಫೋನ್ ಮಾಡಬಹುದಿತ್ತು. ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ಆಮೇಲೆ ಆರು ತಿಂಗಳು ಮಾತಿಲ್ಲ. ಅಮ್ಮ ಹೋದ ಮೇಲೆ ಕಾಗದವೇ ಸಾಕೆಂದು ತೀರ್ಮಾನಿಸಿದ್ದು ನೀನೇ.

ನಿನ್ನ
ಸೀಸೆ


ಅಕ್ಟೋಬರ್ 15

ಸೀಸೆಗೆ,

ನಾನು ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಕಹಿಯಂತೆ. ದಿನಕ್ಕೆ ನಲವತ್ತು ಗ್ಲಾಸಿನಲ್ಲಿ ನಾಲಿಗೆ ಅದ್ದುವವನಿಗೆ ಯಾವುದು ಸಿಹಿ ಯಾವುದು ಕಹಿ ಎಂದು ಇನ್ನೂ ಗೊತ್ತಾಗುತ್ತದೆಯಲ್ಲ, ಸಂತೋಷ. ನಾನು ಎಲ್ಲ ವರ್ಷ ಮಾಡಿದ ಹಾಗೆಯೇ ಈ ವರ್ಷವೂ ಮಾಡಿದ್ದೇನೆ. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಹೂ ಬಿಡಿಸಿದೆ. ಹಸಿರು ತೊಟ್ಟು ಒಂದೊಂದಾಗಿ ತೆಗೆದೆ. ಜಾಡಿಗೆ ಹಾಕಿ, ವೋಡ್ಕಾ ಸುರಿದು, ಹೊತ್ತು ಹೊತ್ತಿಗೆ ಮುಚ್ಚಳ ತೆಗೆದು ವಾಸನೆ ನೋಡಿದೆ. ಎಷ್ಟು ಗಂಟೆ ಎಂದು ಅಮ್ಮ ಯಾವತ್ತಾದರೂ ಹೇಳಿದ್ದಳೇ? ಒಂದು ದಿನ ಒಂಬತ್ತು ಗಂಟೆ, ಇನ್ನೊಂದು ದಿನ ಇಪ್ಪತ್ತು. ಹೂವಿನ ಪರಿಮಳ ತುಂಬಿಕೊಂಡು, ಎಲೆಯ ವಾಸನೆ ಏಳುವ ಮುಂಚೆ ತೆಗೆಯಬೇಕು. ಅದನ್ನು ಹಾಳೆಯ ಮೇಲೆ ಹೇಗೆ ಬರೆಯಲಿ? ನನ್ನ ಮೂಗು ಕತ್ತರಿಸಿ ಅಂಚೆಗೆ ಹಾಕಲೇ?

ಚೀಟಿ ಬರೆದವರು ಗಡಿಯಾರದವರು. ಕಳೆದ ಡಿಸೆಂಬರಿನಿಂದ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದಾರೆ, ಕೈಗಡಿಯಾರ ರಿಪೇರಿ ಮಾಡುತ್ತಾರೆ. ಅವರ ಅಕ್ಷರ ಚೆನ್ನಾಗಿದೆ ಎಂದು ಬರೆಸಿದೆ. ಅಷ್ಟಕ್ಕೆ ಇಷ್ಟು ದೊಡ್ಡ ಪ್ರಶ್ನೆಯೇ?

ಈಗ ನನ್ನದೊಂದು ಪ್ರಶ್ನೆ. ನೀನು ಮನೆ ಬಿಟ್ಟು ಹೋದ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳದ ಕ್ರಮ ಇದ್ದಕ್ಕಿದ್ದಂತೆ ಯಾಕೆ ಬೇಕಾಯಿತು? ಹೋದ ಗುರುವಾರ ಟೈ ಕಟ್ಟಿಕೊಂಡ ಒಬ್ಬರು ನಿನ್ನ ಹೋಟೆಲಿನಿಂದ ಎಂದು ಹೇಳಿಕೊಂಡು ಬಂದಿದ್ದರು. ಮರ ಎಣಿಸಿದರು. ಮೂರು ಮರ ಎಣಿಸಲು ಬೆರಳು ಮಡಚಿದರು. ಜಾಡಿಗಳ ಫೋಟೋ ತೆಗೆದರು. ಅವರನ್ನು ಕಳಿಸಿದವರು ಯಾರು?

ಅಕ್ಕ


ಅಕ್ಟೋಬರ್ 24

ಅಕ್ಕನಿಗೆ,

ಟೈ ಕಟ್ಟಿಕೊಂಡವರು ಖರೀದಿ ವಿಭಾಗದವರು ಇರಬೇಕು. ದೊಡ್ಡ ಹೋಟೆಲುಗಳಲ್ಲಿ ಇದೆಲ್ಲ ಮಾಮೂಲು, ಟೊಮೇಟೊ ಎಲ್ಲಿಂದ ಬರುತ್ತದೆ ಎಂದೂ ಹೋಗಿ ನೋಡಿಕೊಂಡು ಬರುತ್ತಾರೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ ಇದೆ. ಪಕ್ಕದ ಮನೆಯ ಟೈಲರಮ್ಮ ನನಗೆ ನಾಲ್ಕು ಸಾಲು ಬರೆದಿದ್ದಾರೆ. ಮಾರ್ಚಿನಲ್ಲಿ ಒಂದು ಇಡೀ ದಿನ ಆ ಗಡಿಯಾರದವರು ನಮ್ಮ ಅಡುಗೆಮನೆಯಲ್ಲಿ ಅಮ್ಮನ ಜಾಡಿಗೆ ಮೂಗು ಇಟ್ಟುಕೊಂಡು ನಿಂತಿದ್ದರಂತೆ. ನೀನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆಯಂತೆ. “ನಿಮ್ಮಕ್ಕ ಯಾರನ್ನೂ ಆ ಜಾಡಿ ಹತ್ರ ಬಿಟ್ಕೊಂಡೋಳಲ್ಲ, ಏನೋ ನಡೀತಿದೆ ನೋಡಪ್ಪ” ಎಂದು ಅವರ ಮಾತು. ಅವರು ಉಪ್ಪುಖಾರ ಹಚ್ಚುತ್ತಾರೆ, ಗೊತ್ತು. ಆದರೆ ಜಾಡಿಯನ್ನು ಅವರು ಹುಟ್ಟಿಸಿ ಹೇಳಲಾರರು.

ಆ ಅಡುಗೆಮನೆಯ ಬಾಗಿಲು ನನ್ನ ಮುಖದ ಮೇಲೆ ಮುಚ್ಚಿದ್ದು ನಾನು ಏಳು ವರ್ಷದವನಿದ್ದಾಗ. ಹೂವಿನ ದಿನ ಬಂತೆಂದರೆ ನನಗೆ ಹಿತ್ತಿಲಿನ ನಲ್ಲಿಯ ಹತ್ತಿರ ಸೀಸೆ ತೊಳೆಯುವ ಕೆಲಸ. ನನ್ನ ಅಡ್ಡಹೆಸರೂ ‘ಸೀಸೆ’ ಎಂದೇ ಆಯಿತು. ಹೆತ್ತ ಮಗನಿಗೆ ತೆರೆಯದ ಬಾಗಿಲು ಮಹಡಿಯ ಬಾಡಿಗೆದಾರರಿಗೆ ತೆರೆಯಿತೇ? ಅವರ ಹತ್ತಿರ ನಮ್ಮ ಮನೆಯ ಎಷ್ಟು ಬೀಗದ ಕೈಗಳಿವೆ?

ನನಗೆ ನಿನ್ನ ಮೇಲೆ ಅನುಮಾನವಿಲ್ಲ ಎಂದು ಬರೆಯಲು ಕೂತೆ, ಕೈ ಬರುತ್ತಿಲ್ಲ. ಆದ್ದರಿಂದ ಎರಡು ಪುಟ್ಟ ಶೀಷೆ ಕಳಿಸಿದ್ದೇನೆ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ ದಾರ. ಒಂದರಲ್ಲಿ ಅಮ್ಮ ಕೊನೆಯ ಸಲ ಮಾಡಿದ್ದು. ಆ ಸೀಸೆಯ ತಳದಲ್ಲಿ ಉಳಿದ ಐದಾರು ಚಮಚವನ್ನು ನಾನು ಆರು ವರ್ಷದಿಂದ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ, ಅದರಿಂದಲೇ ಎರಡು ಚಮಚ ತೆಗೆದೆ. ಇನ್ನೊಂದು ಬೇರೆ. ಅಮ್ಮನದು ಯಾವುದು, ಹೇಳು. ಸರಿ ಹೇಳಿದರೆ ಮರುಮಾತಿಲ್ಲದೆ ಹನ್ನೆರಡು ಸೀಸೆ ತೆಗೆದುಕೊಳ್ಳುತ್ತೇನೆ. ಗಡಿಯಾರದವರನ್ನು ಕೇಳಿ ಬರೆಯಬೇಡ.

ಸೀಸೆ


ನವೆಂಬರ್ 3

ಸೀಸೆಗೆ,

ಐವತ್ತು ವರ್ಷ ದಾಟಿದ ಮೇಲೆ ತಮ್ಮನಿಂದ ಪರೀಕ್ಷೆ. ಆಗಲಿ, ಬರೆದೆ.

ಎರಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದೆ. ಬಿಳಿ ದಾರದ್ದು ಅಂಗಡಿಯದು. ನಾಲಿಗೆಗೆ ತಾಗಿದ ಕೂಡಲೇ ತಿಳಿಯಿತು. ಅಡಿಯಲ್ಲಿ ಒಂದು ಒಗರು, ಒಂದು ಕಹಿ, ಮೇಲೆ ಅತ್ತರಿನಂತೆ ಏನೋ ಪರಿಮಳ ಹಾಕಿ ಮುಚ್ಚಿಟ್ಟ ಕೆಲಸ. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ. ಅದನ್ನು ಸಿಂಕಿಗೆ ಸುರಿದು, ಶೀಷೆ ತೊಳೆದಿಟ್ಟೆ.

ಕೆಂಪು ದಾರದ್ದು ಅಮ್ಮನದು. ಹೇಗೆ ಹೇಳಲಿ ನಿನಗೆ. ಮೂಗಿಗೆ ಹಿಡಿದಾಗಲೇ ಅವಳು ಜಾಡಿಯ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತ ಹಾಗೆ ಆಯಿತು. ಆ ಮೂರನೇ ಮರದ, ಗೋಡೆ ಪಕ್ಕದ ಮರದ, ಹೂವಿನದೇ ಪರಿಮಳ. ಅವಳ ಕೈಯ ಸಕ್ಕರೆಯ ಧಾರಾಳ. ಒಂದು ತೊಟ್ಟೂ ಬಿಡದೆ ಕುಡಿದೆ. ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಸರಿಯಾಯಿತಲ್ಲ? ಸೀಸೆಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದೇನೆ.

ನನ್ನ ಪ್ರಶ್ನೆಗೆ ಮಾತ್ರ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ಖರೀದಿ ವಿಭಾಗದವರು ಇರಬೇಕು ಎಂದೆ. ಇರಬೇಕು ಎಂದರೇನು? ನೀನು ಆ ಹೋಟೆಲಿನಲ್ಲಿ ಕೆಲಸ ಮಾಡುವವನೋ, ದಾರಿಯಲ್ಲಿ ಹೋಗುವವನೋ?

ಅಕ್ಕ


ನವೆಂಬರ್ 12

ಅಕ್ಕನಿಗೆ,

ನಿನ್ನ ಕಾಗದವನ್ನು ಬಾರಿನ ಹಿಂದೆ ಐಸ್ ಯಂತ್ರದ ಪಕ್ಕ ನಿಂತು ಓದಿದೆ. 

ಬಿಳಿ ದಾರದ್ದು ಅಮ್ಮನದು. ನೀನು ಸಿಂಕಿಗೆ ಸುರಿದದ್ದು ಅದನ್ನು.

ಕೆಂಪು ದಾರದ್ದರಲ್ಲಿ ಹೂವೇ ಇರಲಿಲ್ಲ. ಬರೀ ವೋಡ್ಕಾ, ಸಕ್ಕರೆ ಪಾಕ, ಬಣ್ಣಕ್ಕೆ ಒಂದು ಚೂರು ಸುಟ್ಟ ಸಕ್ಕರೆ. ಇಲ್ಲಿಯ ಬಾರಿನಲ್ಲಿ ನಾನೇ ಎರಡು ನಿಮಿಷದಲ್ಲಿ ಕಲಸಿದ್ದು. ಅದರಲ್ಲಿ ನಿನಗೆ ಗೋಡೆ ಪಕ್ಕದ ಮರ ಕಂಡಿತು, ಅಮ್ಮ ಕಂಡಳು, ಕಣ್ಣಲ್ಲಿ ನೀರೂ ಬಂತು.

ಮೂಗಿರುವ ಯಾರೂ ಈ ತಪ್ಪು ಮಾಡಲಾರರು. ನೀನಂತೂ ಮಾಡುವುದೇ ಇಲ್ಲ. ಹಾಗಾಗಿ ನನಗೆ ಒಂದೇ ಅರ್ಥ ಹೊಳೆಯುತ್ತಿದೆ. ಶೀಷೆಗಳನ್ನು ನೀನು ತೆರೆದೇ ಇಲ್ಲ. ಎಲ್ಲವೂ ಮಹಡಿಯವರ ಕೈಗೆ ಹೋಗಿದೆ: ಜಾಡಿ, ಚೀಟಿ, ಈಗ ಕಾಗದಕ್ಕೆ ಏನು ಬರೆಯಬೇಕು ಎಂಬುದೂ. ಅಮ್ಮನ ವಿಷಯದಲ್ಲಿ ನೀನು ಇಷ್ಟು ನುಣ್ಣಗೆ ಸುಳ್ಳು ಹೇಳುತ್ತೀಯ ಎಂದು ನಾನು ಅಂದುಕೊಂಡಿರಲಿಲ್ಲ. ಆ ಗಡಿಯಾರದವರು ಪಕ್ಕದಲ್ಲಿ ನಿಂತು ಬರೆಸುತ್ತಿದ್ದರೆ ಅವರೂ ಇದನ್ನು ಓದಲಿ.

ಹನ್ನೆರಡು ಸೀಸೆ ಬೇಡ. ಪೆಟ್ಟಿಗೆ ಬಿಚ್ಚಿಬಿಡು. ನಾನು ಬೇರೆ ಕಡೆಯಿಂದ ತರಿಸಿಕೊಳ್ಳುತ್ತೇನೆ.

ಸೀಸೆ


ನವೆಂಬರ್ 30

ಅಕ್ಕ,

ಹದಿನೆಂಟು ದಿನವಾಯಿತು. ನಿನಗೆ ಸಿಟ್ಟು ಬಂದರೆ ನಾಲ್ಕನೇ ದಿನಕ್ಕೆ ಕಾಗದ ಬರುತ್ತದೆ, ಅಕ್ಷರ ಹಾಳೆಯ ಹಿಂದಕ್ಕೆ ಒತ್ತಿರುತ್ತದೆ. ಈ ಸಲ ಏನೂ ಇಲ್ಲ.

ಮೊನ್ನೆ ಫೋನ್ ಮಾಡಿದೆ. ಎತ್ತಿದ್ದು ಆ ಗಡಿಯಾರದವರು. “ಮಲಗಿದಾರೆ, ಏನಾದ್ರೂ ಹೇಳ್ಬೇಕಾ?” ಎಂದರು. ಹಗಲು ಹನ್ನೊಂದು ಗಂಟೆಗೆ ನೀನು ಮಲಗುವವಳಲ್ಲ. ನಾನು ಫೋನು ಇಟ್ಟುಬಿಟ್ಟೆ.

ಚೆನ್ನಾಗಿದ್ದೀಯ ಎಂದು ಒಂದು ಸಾಲು ನಿನ್ನ ಕೈಯಲ್ಲೇ ಬರೆ. ನನಗೂ ನಿನಗೂ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನೂ ಅದರಲ್ಲಿ ಸೇರಿಸು. ಆಗ ನಂಬುತ್ತೇನೆ. ಇಲ್ಲದಿದ್ದರೆ ಔತಣವೂ ಬೇಡ ಏನೂ ಬೇಡ ಎಂದು ರೈಲು ಹತ್ತುತ್ತೇನೆ.

ಸೀಸೆ


ಡಿಸೆಂಬರ್ 5

ಸೀಸೆಗೆ,

ರೈಲು ಹತ್ತಬೇಡ. ನಾನೇ ಬರೆಯುತ್ತಿದ್ದೇನೆ. ನಿನಗೂ ನನಗೂ ಮಾತ್ರ ಗೊತ್ತಿರುವ ಸಂಗತಿ: ಅಪ್ಪನ ಕನ್ನಡಕವನ್ನು ಬಾವಿಗೆ ಹಾಕಿದ್ದು ನೀನು, ಏಟು ತಿಂದದ್ದು ಬೆಕ್ಕು. ಸಾಕೇ? ನಿನಗೆ ಗೊತ್ತಿಲ್ಲದ್ದನ್ನೂ ಇವತ್ತು ಬರೆಯುತ್ತೇನೆ. ಕುರ್ಚಿ ಎಳೆದುಕೊಂಡು ಕೂತು ಓದು.

ಫೆಬ್ರವರಿಯಲ್ಲಿ ನನಗೆ ಜ್ವರ ಬಂತು. ಒಂಬತ್ತು ದಿನ ಇತ್ತು, ಹೋಯಿತು. ಹೋಗುವಾಗ ಮೂಗನ್ನು ಕರೆದುಕೊಂಡು ಹೋಯಿತು. ಮೊದಲು ನೆಗಡಿ ಎಂದುಕೊಂಡೆ. ಒಂದು ದಿನ ಒಲೆಯ ಮೇಲೆ ಹಾಲು ತಳಹಿಡಿದು ಹೊಗೆ ಬಂದರೂ ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದೆ. ಮಹಡಿಯಿಂದ ಓಡಿ ಬಂದು ಒಲೆ ಆರಿಸಿದವರು ಗಡಿಯಾರದವರು. ಅವತ್ತಿನಿಂದ ಅವರಿಗೆ ಗೊತ್ತು. ಡಾಕ್ಟರಿಗೆ ಗೊತ್ತು. ಮತ್ತಾರಿಗೂ ಗೊತ್ತಿಲ್ಲ. ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಹತ್ತು ತಿಂಗಳಾಯಿತು. ಸೋಪು, ಸೀಮೆಎಣ್ಣೆ, ನನ್ನ ಮೈಯ ಬೆವರು, ಏನೂ ಇಲ್ಲ. ನಾಲಿಗೆಗೆ ಸಿಹಿ, ಉಪ್ಪು, ಹುಳಿ, ಕಹಿ ಮಾತ್ರ ಉಳಿದಿವೆ.

ಮಾರ್ಚಿನಲ್ಲಿ ಮರಗಳು ಹೂಬಿಟ್ಟವು. ನಾನು ಅಡಿಯಲ್ಲಿ ನಿಂತಿದ್ದೆ, ಕಾಗದದ ಹೂವಿನ ಅಡಿಯಲ್ಲಿ ನಿಂತ ಹಾಗಿತ್ತು. ಈ ವರ್ಷ ಮಾಡುವುದು ಬೇಡ ಎಂದುಕೊಂಡೆ. ಅಷ್ಟರಲ್ಲಿ ನಿನ್ನ ಕಾಗದ ಬಂತು, ಈ ಸಲ ಔತಣಕ್ಕೆ ಹನ್ನೆರಡು ಬೇಕು ಎಂದು. ನನ್ನ ತಮ್ಮನ ಮೆನು ಕಾರ್ಡಿನಲ್ಲಿ ನನ್ನ ಹೂವು. ಆಸೆಯಾಯಿತು ಕಣೋ. ಗಡಿಯಾರದವರನ್ನು ಕೂಗಿದೆ. ಪಾಪ, ಹಣೆಯ ಮೇಲೆ ಆ ಭೂತಕನ್ನಡಿ ಏರಿಸಿಕೊಂಡೇ ಬಂದರು. ಗಂಟೆಗೊಮ್ಮೆ ಜಾಡಿ ಮೂಸಿ “ಇನ್ನೂ ಹೂವೇ ಇದೆ ಅಮ್ಮ, ಇನ್ನೂ ಹೂವೇ ಇದೆ” ಅನ್ನುತ್ತಿದ್ದರು. ನಲವತ್ತು ವರ್ಷ ಗಡಿಯಾರದ ಎಣ್ಣೆಯ ವಾಸನೆ ಕುಡಿದ ಮೂಗು. ಅವರಿಗೆ ಎಲೆ ತಿಳಿಯುವ ಹೊತ್ತಿಗೆ ಎಷ್ಟೋ ಹೊತ್ತು ಮೀರಿಹೋಗಿತ್ತು. ಕಹಿ ನನ್ನ ನಾಲಿಗೆಗೂ ತಿಳಿಯಿತು. ಮೇಲೆ ಹೂವು ಇದ್ದರೆ ಅದು ಮುಚ್ಚಿಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹೂವು ಇದೆಯೋ ಇಲ್ಲವೋ ನೋಡುವ ದಾರಿ ನನಗಿರಲಿಲ್ಲ.

ಇನ್ನು ಶೀಷೆಗಳ ಮಾತು. ಎರಡನ್ನೂ ತೆರೆದೆ, ನಾನೇ. ಒಂದು ಬರೀ ಸಿಹಿ. ಇನ್ನೊಂದರ ತಳದಲ್ಲಿ ಸಣ್ಣ ಕಹಿ. ನೀನು ಕಹಿ ಕಹಿ ಎಂದು ಬರೆದು ಬರೆದು ನನ್ನನ್ನು ಎಷ್ಟು ಹೆದರಿಸಿದ್ದೆ ಎಂದರೆ, ಕಹಿ ಇರುವುದು ಅಮ್ಮನದು ಆಗಿರಲಾರದು ಎಂದುಕೊಂಡೆ. ಅವಳದರಲ್ಲೂ ಕಹಿ ಇತ್ತು ಎಂದು ನನಗೆ ಐವತ್ತು ವರ್ಷ ಗೊತ್ತೇ ಇರಲಿಲ್ಲ, ಅಷ್ಟು ಹೂವು ಅದರ ಮೇಲೆ ಇರುತ್ತಿತ್ತು. ಮೂಗು ಹೋದ ಮೇಲೆ ಆ ಕಹಿ ಒಂದೇ ನನಗೆ ತಿಳಿಯಿತು.

ಕೇಳಬೇಡ ಎಂದಿದ್ದೆ, ಆದರೂ ಗಡಿಯಾರದವರನ್ನು ಕೇಳಿದೆ. “ಬಿಳಿ ದಾರದ್ರಲ್ಲಿ ಹೂವಿದೆ ಅಮ್ಮ, ಕೆಂಪಲ್ಲಿ ಏನೂ ಇಲ್ಲ” ಎಂದು ಅವರು ಸ್ಪಷ್ಟವಾಗಿ ಹೇಳಿದರು. ನಾನು ನಂಬಲಿಲ್ಲ. ಅವರನ್ನಲ್ಲ, ನಿನ್ನನ್ನು. ನನ್ನ ತಮ್ಮ ಭಾರಿ ಜಾಣ, ಅಂಗಡಿಯದಕ್ಕೆ ಅತ್ತರು ಬೆರೆಸಿ ಕಳಿಸಿದ್ದಾನೆ, ವಾಸನೆ ಹಿಡಿದು ಹೋದವರು ಬೀಳಲಿ ಎಂದು ಗುಂಡಿ ತೋಡಿದ್ದಾನೆ ಎಂದುಕೊಂಡೆ. ತೋಡದ ಗುಂಡಿಗೆ ಹೋಗಿ ಬಿದ್ದೆ. ಅಮ್ಮನ ಎರಡು ಚಮಚ ಸಿಂಕಿಗೆ ಹೋಯಿತು. ಆ ಕಾಗದದಲ್ಲಿ ಕಣ್ಣೀರು ಬಂತೆಂದು ಬರೆದದ್ದು ಸುಳ್ಳಲ್ಲ. ಏನೂ ತಿಳಿಯದೆ ಕುಡಿದೆನಲ್ಲ, ಅದಕ್ಕೆ ಬಂದದ್ದು. ನಿನ್ನ ನವೆಂಬರ್ ಕಾಗದ ಓದಿ ಎರಡು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಗಡಿಯಾರದವರು ಫೋನಿನಲ್ಲಿ ಹೇಳಿದ್ದು ನಿಜ.

ನಿನ್ನ ಮೇಲೆ ಯಾಕೆ ಅಷ್ಟು ಅನುಮಾನ ಎಂದು ಕೇಳುತ್ತೀಯ. ಆ ಟೈ ಕಟ್ಟಿಕೊಂಡವರು ಔತಣದ ಮೇಜಿನ ಮೇಲೆ ಇಡುವ ನಿನ್ನ ಕಾರ್ಡಿನ ಕರಡು ತೋರಿಸಿದರು. ‘ನಮ್ಮ ಬಾರ್‌ಟೆಂಡರ್ ತನ್ನ ಮನೆಯ ತೋಟದ ಹೂವಿನಿಂದ ತನ್ನ ಕೈಯಾರೆ ತಯಾರಿಸಿದ ಲಿಕ್ಯೂರ್’ ಎಂದಿತ್ತು. ಓದಿ ಮುಗಿಸಿದೆ. “ನೀವು ಯಾರು, ಸೀಸೆ ತೊಳಿಯೋರಾ?” ಎಂದು ಕೇಳಿದರು. ಹೌದು ಎಂದೆ. ನಿನ್ನ ಕೆಲಸಕ್ಕೆ ಕುತ್ತು ಬಂದೀತು ಎಂದು ಹಾಗೆ ಹೇಳಿದೆ. ನೀನೇ ಬಾಯಿ ಬಿಡುತ್ತೀಯೇನೋ ಎಂದು ಎರಡು ಕಾಗದದಲ್ಲಿ ಕೇಳಿದೆ. ನೀನು ಟೊಮೇಟೊ ಕಥೆ ಹೇಳಿದೆ.

ಸಿಟ್ಟು ಇದೆ. ಆದರೆ ನಾನು ಅದಕ್ಕಿಂತ ಹಳೆಯ ಕಳ್ಳಿ. ಆ ಅಡುಗೆಮನೆಯ ಬಾಗಿಲು ನಿನ್ನ ಮುಖದ ಮೇಲೆ ಹಾಕಿಸಿದವಳು ನಾನು, ಅಮ್ಮನಲ್ಲ. ನಿನಗೆ ಏಳು, ನನಗೆ ಹದಿನೈದು. ಅಮ್ಮ ನನಗೆ ಕಲಿಸುತ್ತಿದ್ದಳು, ನಾನು ಜಾಡಿ ಮೂಸಿ ಮೂಸಿ ಏನೂ ಗೊತ್ತಾಗದೆ ನಿಂತಿದ್ದೆ. ನೀನು ಹೊಸಿಲ ಮೇಲೆ ಕೂತು ಗೋಲಿ ಆಡುತ್ತಾ, ತಲೆ ಎತ್ತದೆ “ಅಮ್ಮಾ ಎಲೆ ಬರ್ತಿದೆ, ತೆಗಿ” ಎಂದೆ. ಅಮ್ಮ ಬಗ್ಗಿ ನೋಡಿ, ತಕ್ಷಣ ತೆಗೆದಳು. ಮರುದಿನವೂ ಹಾಗೇ ಆಯಿತು, ಅವಳಿಗಿಂತ ಮುಂಚೆ ನೀನು. ನನ್ನ ಹೊಟ್ಟೆ ಉರಿದುಹೋಯಿತು. ಅವನು ಇದ್ದರೆ ನಾನು ಕಲಿಯುವುದಿಲ್ಲ ಎಂದು ಹಟ ಹಿಡಿದು ಊಟ ಬಿಟ್ಟೆ. ಅಮ್ಮ ಬಾಗಿಲು ಹಾಕಿದಳು, ನಿನ್ನನ್ನು ನಲ್ಲಿಯ ಹತ್ತಿರ ಕಳಿಸಿದಳು. ನಾನು ಹತ್ತು ವರ್ಷ ಕಷ್ಟಪಟ್ಟು ಕಲಿತದ್ದು ನಿನಗೆ ಸುಮ್ಮನೆ ಬಂದಿತ್ತು. ಈಗ ನನ್ನದು ಹೋಯಿತು.

ಹನ್ನೆರಡು ಸೀಸೆಯನ್ನು ನಿನ್ನೆ ಪಾರ್ಸಲ್ ಆಫೀಸಿಗೆ ಕೊಟ್ಟೆ. ಬೇಡ ಎಂದಿದ್ದೆ, ಗೊತ್ತು. ಬೇಕಾದರೆ ಸಿಂಕಿಗೆ ಸುರಿ. ಚೀಟಿ ಎಲ್ಲವನ್ನೂ ಈ ಸಲ ನಾನೇ ಬರೆದಿದ್ದೇನೆ.

ಅಕ್ಕ


ಜನವರಿ 3

ಅಕ್ಕನಿಗೆ,

ನಿನ್ನ ಕಾಗದ ಬಂದು ಇಷ್ಟು ದಿನವಾದರೂ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ನಿನಗೆ ಮೂಗು ಇಲ್ಲ ಎಂಬ ಒಂದು ಮಾತು ಬಿಟ್ಟು ಲೋಕದಲ್ಲಿರುವ ಎಲ್ಲ ಅನುಮಾನವನ್ನೂ ಪಟ್ಟೆ. ಅದಕ್ಕೂ ಒಂದು ಕಾರಣವಿದೆ. ಎರಡು ವರ್ಷದ ಹಿಂದೆ ಮ್ಯಾನೇಜರ್ ಗ್ಲಾಸು ಕೈಯಲ್ಲಿ ಹಿಡಿದು “ಇದನ್ನ ಯಾರಯ್ಯ ಮಾಡಿದ್ದು?” ಎಂದು ಕೇಳಿದರು. ನಾನೇ ಎಂದು ಬಾಯಿಗೆ ಬಂತು, ಹೇಳಿಬಿಟ್ಟೆ. ಅವತ್ತಿನಿಂದ ನಿನ್ನ ಪ್ರತಿ ಕಾಗದವನ್ನೂ, ಇವಳಿಗೆ ಗೊತ್ತಾಗಿದೆಯೇ ಎಂದು ಹುಡುಕುತ್ತಲೇ ಓದಿದ್ದೇನೆ. ಮಾಡುವ ಕ್ರಮ ಬರೆದುಕೊಡು ಎಂದು ಅವರು ನನ್ನನ್ನು ಕೇಳಿದ್ದರು, ಅದಕ್ಕೇ ನಿನ್ನನ್ನು ಕೇಳಿದೆ. ಅವರು ಅದನ್ನು ಕಾರ್ಖಾನೆಗೆ ಕೊಡಬೇಕೆಂದಿದ್ದರು. ನನಗೆ ಗೊತ್ತಿತ್ತು.

ಔತಣ ಹೇಗಾಯಿತು ಎಂದು ಹೇಳುತ್ತೇನೆ.

ಅಂಗಡಿಯ ಸೀಸೆ ತರಿಸಿ ನೋಡಿದ್ದೆ, ಸೋಪಿನ ನೀರು. ನಿನ್ನ ಪೆಟ್ಟಿಗೆ ತಲುಪಿದ ದಿನ ಕೂತು ಯೋಚಿಸಿದೆ. ಅಮ್ಮನದರಲ್ಲೂ ಕಹಿ ಇತ್ತು, ಮೇಲೆ ಹೂವು ಇತ್ತು ಎಂದು ಬರೆದಿದ್ದೆಯಲ್ಲ, ಅದನ್ನು ಹಿಡಿದುಕೊಂಡೆ. ಗ್ಲಾಸಿಗೆ ನಿನ್ನದನ್ನು ಹಾಕಿದೆ, ಹಿಂದಿಗಿಂತ ಸ್ವಲ್ಪ ಕಡಿಮೆ. ನಿಂಬೆ ಕಡಿಮೆ ಮಾಡಿದೆ, ಒಂದು ಚಿಟಿಕೆ ಉಪ್ಪು ಹಾಕಿದೆ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಕುಲುಕಿ, ಸೋಸಿ, ವೈನ್ ಸುರಿದೆ. ಆಮೇಲೆ ಅಮ್ಮನ ಸೀಸೆಯಲ್ಲಿ ಉಳಿದದ್ದನ್ನು ಸಣ್ಣ ಸ್ಪ್ರೇ ಬಾಟಲಿಗೆ ತುಂಬಿಸಿ, ಪ್ರತಿ ಗ್ಲಾಸಿನ ಮೇಲೆ ಒಂದು ಸಲ, ಒಂದೇ ಸಲ ಒತ್ತಿದೆ. ಗ್ಲಾಸು ಬಾಯಿಗೆ ಬರುವ ಮುಂಚೆ ಅವರ ಮೂಗಿಗೆ ಅಮ್ಮ, ಕುಡಿದ ಮೇಲೆ ನಾಲಿಗೆಯ ಮೇಲೆ ನೀನು. ಇನ್ನೂರು ಗ್ಲಾಸು. ಸ್ಪ್ರೇ ಬಾಟಲಿ ಕೊನೆಯ ಗ್ಲಾಸಿಗೆ ಸರಿಯಾಗಿ ಖಾಲಿಯಾಯಿತು ಎಂದು ಬರೆಯುವ ಆಸೆ, ಆದರೆ ನೂರ ಎಂಬತ್ತಕ್ಕೇ ಖಾಲಿಯಾಯಿತು. ಉಳಿದ ಇಪ್ಪತ್ತು ಜನ ಬರೀ ನಿನ್ನನ್ನೇ ಕುಡಿದರು. ಅವರಲ್ಲಿ ಮೂವರು ಇನ್ನೊಂದು ಕೇಳಿದರು.

ಕಾರ್ಡು ಬದಲಿಸಿ ಎಂದು ಒಂದು ವಾರ ಮೊದಲೇ ಮ್ಯಾನೇಜರನ್ನು ಕೇಳಿದ್ದೆ. ಅಚ್ಚಾಗಿದೆ, ಆಗುವುದಿಲ್ಲ ಎಂದರು. ಆ ಸಂಜೆ ಮೇಜಿನ ಮೇಲೆ ಇಡುವ ಮುಂಚೆ, ಅಷ್ಟೂ ಕಾರ್ಡಿನಲ್ಲಿ ಆ ಸಾಲಿಗೆ ಪೆನ್ನಿನಿಂದ ಗೀಟು ಹಾಕಿ, ಕೆಳಗೆ ‘ಮಾಡಿದವರು ನನ್ನ ಅಕ್ಕ’ ಎಂದು ಬರೆದೆ. ಕೈ ಸೋತು ಕೊನೆಯವು ಕೋಳಿ ಕೆರೆದ ಹಾಗಾದವು. ಮ್ಯಾನೇಜರ್ ಒಂದು ಕಾರ್ಡು ಹಿಡಿದುಕೊಂಡು ಬಾರಿಗೆ ಬಂದರು.

“ಏನಿದು? ಹಾಗಾದ್ರೆ ಆ ಮನೇಲಿ ನೀನೇನು ಮಾಡ್ತಿದ್ದೆ?”

“ಸೀಸೆ ತೊಳೀತಿದ್ದೆ ಸಾರ್.”

ಮುಖ್ಯಸ್ಥನ ಜಾಗ ಬೇರೆಯವರಿಗೆ ಹೋಯಿತು. ನನ್ನನ್ನು ಬೆಳಗಿನ ಕಾಫಿ ಕೌಂಟರಿಗೆ ಹಾಕಿದ್ದಾರೆ. ಹೋಟೆಲಿಗೆ ನಿನ್ನ ಸೀಸೆಯೂ ಇನ್ನು ಬೇಡವಂತೆ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ, ಇನ್ನು ನಿನಗೆ ಸುಳ್ಳು ಬರೆಯಲಾರೆ. ಅಮ್ಮನ ಸೀಸೆ ಖಾಲಿಯಾದದ್ದಕ್ಕೆ ಅದಕ್ಕಿಂತ ಹೆಚ್ಚು ಬೇಸರ. ಬೀರುವಿನ ಬಾಗಿಲು ಎರಡು ಸಲ ತೆಗೆದು ನೋಡಿದೆ.

ಬಾಗಿಲ ವಿಷಯ ಬರೆದಿದ್ದೆ. ಹೊಸಿಲು ನೆನಪಿದೆ, ಗೋಲಿ ನೆನಪಿದೆ. ನಾನು ಹಾಗೆಂದದ್ದು ನೆನಪಿಲ್ಲ. ಸಮಾಧಾನಕ್ಕೆ ಕಟ್ಟಿ ಹೇಳುತ್ತಿದ್ದೀಯೋ ಎಂದು ಒಂದು ಗಳಿಗೆ ಅನುಮಾನ ಬಂತು. ಅಭ್ಯಾಸ, ಏನು ಮಾಡಲಿ.

ಕಾಫಿ ಕೌಂಟರಿನವನಿಗೆ ರಜೆ ಸುಲಭವಾಗಿ ಸಿಗುತ್ತದೆ. ಗಡಿಯಾರದವರಿಗೆ ನನ್ನ ನಮಸ್ಕಾರ ಹೇಳು. ಫೋನು ಇಟ್ಟದ್ದಕ್ಕೆ ಕ್ಷಮೆಯನ್ನೂ ಹೇಳು.

ಸೀಸೆ


ಮಾರ್ಚ್ 2

ಸೀಸೆಗೆ,

ಮೊಗ್ಗು ಬಂದಿವೆ. ನನಗೆ ಕಣ್ಣಿನಿಂದ ಗೊತ್ತು, ಗಡಿಯಾರದವರಿಗೆ ಮೂಗಿನಿಂದ. ಅವರ ಲೆಕ್ಕದಲ್ಲಿ ಹೂ ಅರಳಲು ಹತ್ತು ದಿನ, ಅವರು ತಡವಾಗಿಯೇ ಹೇಳುವವರು, ಆದ್ದರಿಂದ ಒಂದು ವಾರದೊಳಗೆ ಬಾ. ನಿನ್ನ ನಮಸ್ಕಾರ ತಲುಪಿಸಿದೆ. “ನಿಮ್ಮ ತಮ್ಮನ ಗಡಿಯಾರ ಸರಿಯಾಗಿ ನಡೀತಿದೆಯಾ ಕೇಳಿ” ಎಂದರು. ಅವರಿಗೆ ಮಾತು ಎಂದರೆ ಅದೇ.

ಟೈಲರಮ್ಮ ಬೇಲಿಯಾಚೆಯಿಂದ ನೋಡುತ್ತಲೇ ಇದ್ದಾರೆ. ಇನ್ನು ಅವರು ನಿನಗೆ ಬರೆಯುವ ಶ್ರಮವಿಲ್ಲ, ಬಂದ ಮೇಲೆ ನೇರವಾಗಿ ನಿನಗೇ ಹೇಳಲಿ.

ಹೂ ಬಿಡಿಸುವುದು, ತೊಟ್ಟು ತೆಗೆಯುವುದು, ಪಾಕ ಮಾಡುವುದು ನನ್ನ ಕೆಲಸ. ಸೀಸೆಗಳನ್ನೂ ನಾನೇ ತೊಳೆದಿಟ್ಟಿದ್ದೇನೆ. ನೀನು ಜಾಡಿಯ ಹತ್ತಿರ ಕೂರಬೇಕು. ಅಡುಗೆಮನೆಯಲ್ಲಿ ಕೂರು, ಹೊಸಿಲ ಮೇಲೆ ಬೇಡ, ಈ ವಯಸ್ಸಿಗೆ ಸೊಂಟ ಹಿಡಿಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ದಿನ ನೀನು ಬೇಗ ತೆಗೆಸಿದರೂ, ತಡವಾಗಿ ತೆಗೆಸಿದರೂ, ಬೇಕೆಂದೇ ಕೆಡಿಸಿದರೂ ನನಗೆ ಗೊತ್ತಾಗುವುದಿಲ್ಲ. ಎಂಥ ಸುಳ್ಳು ಹೇಳಿದರೂ ಹಿಡಿಯಲಾರೆ. ಅದನ್ನು ನೆನೆದರೆ ನನಗೆ ಭಯವೇ ಆಗುತ್ತದೆ. ಆದರೂ ನೀನು ತೆಗಿ ಅಂದ ಕೂಡಲೇ ತೆಗೆಯುತ್ತೇನೆ, ತಿರುಗಿ ಕೇಳುವುದಿಲ್ಲ.

ಬಿಳಿ ದಾರದ ಆ ಪುಟ್ಟ ಶೀಷೆ ಇಲ್ಲೇ ಕಿಟಕಿಯ ಕಟ್ಟೆಯ ಮೇಲಿದೆ, ದಾರ ಬಿಚ್ಚಿಲ್ಲ. ಈ ವರ್ಷದ ಮೊದಲ ಎರಡು ಚಮಚ ಅದಕ್ಕೆ ತುಂಬಿಸಬೇಕು. ನಿನ್ನ ಬೀರುವಿಗೆ.

ಅಕ್ಕ